ಐದು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ಬರುವುದಿಲ್ಲವೇ?

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಮುಳಬಾಗಿಲು ಕಡೆಯವರು. ಮನೆಮಾತು ತೆಲುಗು, ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸಿದವರು. ಹಾಗಾಗಿ ತಮಿಳು, ಉರ್ದು, ಹಿಂದಿ ಎಲ್ಲವೂ ಸಲೀಸು. ಈಗ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಸುಮಾರು ಒಂದು ವರ್ಷದಿಂದ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಬಾಯಲ್ಲೇ ಲೆಕ್ಕ ಹಾಕುತ್ತಿದ್ದವರು ಈಗ ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ತಡವರಿಸುತ್ತಾರೆ. ನಾನು ಕನ್ನಡದಲ್ಲಿ ಮಾತಾಡಿಸಿದರೆ ಎಷ್ಟೋ ಸಲ ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ನನಗೆ ತೆಲುಗು ಬರುವುದಿಲ್ಲ. ಡಾಕ್ಟರಿಗೆ ತೋರಿಸೋಣ ಅಂದರೆ ನಮ್ಮ ಮನೆಯವರು, "ಜಾಸ್ತಿ ಭಾಷೆ ಬರೋರಿಗೆ ಮರೆವಿನ ಕಾಯಿಲೆ ಬರಲ್ಲ ಅಂತ ಸಂಶೋಧನೆ ಆಗಿದೆ. ಇದು ವಯಸ್ಸಿನದು, ಬಿಡು" ಅನ್ನುತ್ತಾರೆ. ಇದು ನಿಜವೇ? ಮಾವನವರಿಗೆ ಮೊಬೈಲ್ ಆ್ಯಪ್‌ನಲ್ಲಿ ಹೊಸ ಭಾಷೆ ಕಲಿಸಿದರೆ ಉಪಯೋಗ ಆಗುತ್ತದೆಯೇ? ನಾಲ್ಕು ವರ್ಷದ ಮಗಳಿಗೆ ಮೂರು ಭಾಷೆ ಒಟ್ಟಿಗೆ ಕಲಿಸಬಹುದೇ, ಗೊಂದಲ ಆಗುವುದಿಲ್ಲವೇ?

ಉತ್ತರ: ಮಾವನವರನ್ನು ಈ ತಿಂಗಳಲ್ಲೇ ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯವರು ಹೇಳುವ ಸಂಶೋಧನೆ ಇರುವುದು ನಿಜ. ಆದರೆ ಅವರು ಅದರ ಅರ್ಧವನ್ನು ಮಾತ್ರ ಕೇಳಿದ್ದಾರೆ. ಉಳಿದ ಅರ್ಧ ಕೇಳಿದರೆ, ಐದು ಭಾಷೆ ಬಲ್ಲವರು ತಡವರಿಸಲು ಶುರು ಮಾಡಿದಾಗ ಇನ್ನೂ ಬೇಗ ತೋರಿಸಬೇಕು ಅನ್ನಿಸುತ್ತದೆ. ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಯಾಕೆಂದರೆ ಇದು ನಮ್ಮ ಕ್ಷೇತ್ರದಲ್ಲಿ ಇನ್ನೂ ಜಗಳ ಮುಗಿಯದ ವಿಷಯ.

ಈ ಮಾತು ದೊಡ್ಡದಾಗಿ ಹಬ್ಬಿದ್ದು 2007ರಲ್ಲಿ. ಕೆನಡಾದ ಟೊರಾಂಟೊದಲ್ಲಿ ಎಲೆನ್ ಬಿಯಾಲಿಸ್ಟಾಕ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಸಂಗಡಿಗರ ಜೊತೆ ಮೆಮೊರಿ ಕ್ಲಿನಿಕ್ಕಿನ ಹಳೆಯ ಕಡತಗಳನ್ನು ತೆಗೆದು ನೋಡಿದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದ 184 ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಜೀವನವಿಡೀ ಎರಡು ಭಾಷೆ ಬಳಸಿದವರು. ಒಂದೇ ಭಾಷೆಯವರಲ್ಲಿ ಮರೆವು ಕಾಣಿಸಿಕೊಂಡಿದ್ದು ಸರಾಸರಿ 71.4ನೇ ವಯಸ್ಸಿನಲ್ಲಿ, ಎರಡು ಭಾಷೆಯವರಲ್ಲಿ 75.5ರಲ್ಲಿ. ಅಂದರೆ ನಾಲ್ಕು ವರ್ಷ ತಡ. ಓದು ಜಾಸ್ತಿ ಇದ್ದದ್ದು ಒಂದೇ ಭಾಷೆಯವರಿಗೆ. ಹಾಗಾಗಿ "ಎರಡು ಭಾಷೆಯವರು ಹೆಚ್ಚು ಓದಿದವರು, ಅದಕ್ಕೇ" ಅಂತ ತಳ್ಳಿಹಾಕುವ ಹಾಗೂ ಇರಲಿಲ್ಲ.

ಮರೆವನ್ನು ನಾಲ್ಕು ವರ್ಷ ಮುಂದೂಡುವ ಮಾತ್ರೆ ಇವತ್ತಿಗೂ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಪತ್ರಿಕೆಗಳು ಇದನ್ನು ಎತ್ತಿ ಹಿಡಿದವು. ಆದರೆ ಒಂದು ಗಂಟು ಉಳಿದಿತ್ತು. ಟೊರಾಂಟೊದ ಎರಡು ಭಾಷೆಯವರಲ್ಲಿ ಬಹುಪಾಲು ಬೇರೆ ದೇಶದಿಂದ ವಲಸೆ ಬಂದವರು. ಊರು ಬಿಟ್ಟು ಸಮುದ್ರ ದಾಟಿ ಹೋಗಿ ಬದುಕು ಕಟ್ಟಿದವರು ಮೊದಲೇ ಗಟ್ಟಿ ಜನ ಇರಬಹುದಲ್ಲ? ಅವರ ಆಹಾರ ಬೇರೆ, ದುಡಿಮೆ ಬೇರೆ. ಭಾಷೆಯ ಗುಣ ಯಾವುದು, ವಲಸೆಯ ಗುಣ ಯಾವುದು ಅಂತ ಬಿಡಿಸಿ ನೋಡುವುದು ಅಲ್ಲಿ ಕಷ್ಟ. 2010ರಲ್ಲಿ ಅದೇ ದೇಶದ ಮಾಂಟ್ರಿಯಲ್‌ನಲ್ಲಿ ಇನ್ನೊಂದು ತಂಡ 600ಕ್ಕೂ ಹೆಚ್ಚು ಅಲ್ಜೈಮರ್ (ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಸಾಮಾನ್ಯ ಬಗೆ) ರೋಗಿಗಳನ್ನು ನೋಡಿದಾಗ, ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಎರಡು ಭಾಷೆಯ ಲಾಭ ಕಾಣಲಿಲ್ಲ. ಕಂಡದ್ದು ಮುಖ್ಯವಾಗಿ ವಲಸಿಗರಲ್ಲಿ.

ಈ ಗಂಟು ಬಿಚ್ಚಲು ಬೇಕಾಗಿದ್ದದ್ದು ಎಂಥ ಊರು? ಊರು ಬಿಡದೆಯೇ ಜನ ಎರಡು ಮೂರು ಭಾಷೆ ಆಡುವ ಊರು. ಬಡವರು, ಶ್ರೀಮಂತರು, ಓದಿದವರು, ಶಾಲೆಯ ಮುಖ ನೋಡದವರು ಎಲ್ಲರೂ ಆಡಬೇಕು. ಅಂಥ ಊರುಗಳಿಗೆ ನಮ್ಮಲ್ಲಿ ಬರವೇ? ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಡಾ. ಸುವರ್ಣಾ ಅಲ್ಲಾಡಿ ಅವರ ತಂಡ ಈ ಕೆಲಸ ಮಾಡಿತು. ಅವರು ಈಗ ನಮ್ಮ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದಲ್ಲಿದ್ದಾರೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 648 ಡಿಮೆನ್ಷಿಯಾ ರೋಗಿಗಳಿದ್ದರು. 391 ಜನ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ತೆಲುಗು, ಉರ್ದು, ಹಿಂದಿ, ಇಂಗ್ಲಿಷ್, ಹೀಗೆ. ಒಂದೇ ಭಾಷೆಯವರಲ್ಲಿ ಕಾಯಿಲೆ ಶುರುವಾದದ್ದು ಸರಾಸರಿ 61.1ನೇ ವಯಸ್ಸಿನಲ್ಲಿ. ಉಳಿದವರಲ್ಲಿ 65.6ರಲ್ಲಿ. ನಾಲ್ಕೂವರೆ ವರ್ಷದ ಅಂತರ. ಓದು, ಉದ್ಯೋಗ, ಗಂಡು ಹೆಣ್ಣು, ಹಳ್ಳಿ ಪೇಟೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು.

ಅದರಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಓದು ಬರಹ ಬಾರದವರ ಲೆಕ್ಕ. ಶಾಲೆಗೇ ಹೋಗದವರಲ್ಲೂ ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ಆರು ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಸಂತೆಯಲ್ಲಿ, ಗಲ್ಲಿಯಲ್ಲಿ, ಕೆಲಸದ ಜಾಗದಲ್ಲಿ ಬಾಯಿಂದ ಬಾಯಿಗೆ ಬಂದ ಭಾಷೆಗೂ ಬೆಲೆ ಇದೆ ಅಂತಾಯಿತು. ನಿಮ್ಮ ಮಾವನವರು ಮಂಡಿಯಲ್ಲಿ ಕಲಿತದ್ದು ಇದೇ ರೀತಿಯ ಭಾಷೆ. ಇನ್ನೊಂದು ಸಂಗತಿ ನಿಮ್ಮ ಮನೆಯವರಿಗೆ ಹೇಳಿ: ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋದರೆ ಲಾಭ ಏರುತ್ತಾ ಹೋಗಲಿಲ್ಲ. ಐದು ಭಾಷೆ ಬಂದರೆ ಐದು ಪಟ್ಟು ರಕ್ಷಣೆ ಅನ್ನುವ ಲೆಕ್ಕ ಇಲ್ಲ.

ಈಗ ಆ 648 ಅನ್ನುವ ಅಂಕಿಯನ್ನೇ ಮತ್ತೊಮ್ಮೆ ನೋಡಿ. ಅವರೆಲ್ಲ ಯಾರು? ಡಿಮೆನ್ಷಿಯಾ ಬಂದವರು. ಎರಡು ಭಾಷೆ ಬಲ್ಲ ಆ 391 ಜನರಿಗೂ ಕಾಯಿಲೆ ಬಂದೇ ಇತ್ತು! ಟೊರಾಂಟೊದಲ್ಲೂ ಅಷ್ಟೇ. ಈ ಅಧ್ಯಯನಗಳು "ಬರುವುದಿಲ್ಲ" ಅಂತ ಎಲ್ಲೂ ಹೇಳಿಲ್ಲ. "ತಡವಾಗಿ ಕಾಣಿಸುತ್ತದೆ" ಅಂತ ಹೇಳಿವೆ. ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ಅದು "ಬರುವುದಿಲ್ಲ" ಆಗಿಬಿಡುತ್ತದೆ.

ತಡವಾಗುವುದಾದರೂ ನಿಜವೇ? ಇಲ್ಲೇ ನಮ್ಮವರ ಜಗಳ. ಕ್ಲಿನಿಕ್ಕಿಗೆ ಬಂದವರ ಕಡತ ನೋಡಿದರೆ ಲಾಭ ಕಾಣುತ್ತದೆ. ಆರೋಗ್ಯವಾಗಿರುವ ಜನರನ್ನು ಆರಿಸಿ, ವರ್ಷಗಟ್ಟಲೆ ಅವರ ಹಿಂದೆ ಬಿದ್ದು, ಯಾರಿಗೆ ಯಾವಾಗ ಕಾಯಿಲೆ ಬರುತ್ತದೆ ಅಂತ ಕಾದು ನೋಡಿದರೆ ಆ ಲಾಭ ಮಸುಕಾಗುತ್ತದೆ. ನ್ಯೂಯಾರ್ಕಿನ ಉತ್ತರ ಮ್ಯಾನ್‌ಹಟನ್‌ನಲ್ಲಿ ಸ್ಪ್ಯಾನಿಷ್ ಮನೆಮಾತಿನ 1,067 ವಲಸಿಗರನ್ನು 23 ವರ್ಷದವರೆಗೂ ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಬಂತು. ಇಂಗ್ಲಿಷ್ ಕೂಡ ಬಲ್ಲವರು ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು, ನಿಜ. ಆದರೆ ಆಮೇಲೆ ಇಳಿಯುವ ವೇಗದಲ್ಲಾಗಲಿ, ಡಿಮೆನ್ಷಿಯಾ ಬರುವ ಸಾಧ್ಯತೆಯಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. 2017ರಲ್ಲಿ ಲಂಡನ್ನಿನ ಸಂಶೋಧಕರು ಎಲ್ಲ ಅಧ್ಯಯನಗಳನ್ನೂ ಒಟ್ಟು ಹಾಕಿ ನೋಡಿದಾಗಲೂ ಇದೇ ಒಡಕು ಎದ್ದು ಕಂಡಿತು.

ಕಡತದ ಅಧ್ಯಯನಗಳಲ್ಲಿ ಒಂದು ಸಣ್ಣ ತೂತು ಇದೆ. "ಮರೆವು ಯಾವಾಗ ಶುರುವಾಯಿತು?" ಅನ್ನುವುದಕ್ಕೆ ಉತ್ತರ ಹೇಳುವುದು ರೋಗಿಯ ಮನೆಮಂದಿ. ನಿಮ್ಮ ಮನೆಯನ್ನೇ ನೋಡಿ. ನೀವು ಒಂದು ವರ್ಷದಿಂದ ಅನ್ನುತ್ತೀರಿ. ನಿಮ್ಮ ಮನೆಯವರ ಪ್ರಕಾರ ಇನ್ನೂ ಶುರುವೇ ಆಗಿಲ್ಲ. ಕಡತದಲ್ಲಿ ಬರೆಯುವುದು ಯಾರ ಮಾತನ್ನು?

ನನ್ನ ಅಭಿಪ್ರಾಯ ಕೇಳಿದರೆ, ಲಾಭ ಇದೆ, ಆದರೆ ಸುದ್ದಿಯಾದಷ್ಟು ಇಲ್ಲ. ನನ್ನನ್ನು ಆ ಕಡೆ ವಾಲಿಸಿದ್ದು ಎರಡು ಅಧ್ಯಯನಗಳು. ಒಂದು ಸ್ಕಾಟ್ಲೆಂಡಿನದು. ಅಲ್ಲಿ 1936ರಲ್ಲಿ ಹುಟ್ಟಿದ ಮಕ್ಕಳಿಗೆ 1947ರಲ್ಲಿ, ಅವರಿಗೆ 11 ವರ್ಷವಿದ್ದಾಗ, ಬುದ್ಧಿಮತ್ತೆಯ ಪರೀಕ್ಷೆ ಮಾಡಿ ಇಟ್ಟಿದ್ದರು. ಅವರಲ್ಲಿ 853 ಜನರನ್ನು ಎಪ್ಪತ್ತರ ಆಸುಪಾಸಿನಲ್ಲಿ ಮತ್ತೆ ಪರೀಕ್ಷಿಸಿದರು. ಬಾಲ್ಯದ ಅಂಕ ಕೈಯಲ್ಲಿ ಇರುವುದರಿಂದ "ಜಾಣರೇ ಭಾಷೆ ಕಲಿಯುತ್ತಾರೆ, ಅದಕ್ಕೇ ಕೊನೆಗೂ ಜಾಣರಾಗಿರುತ್ತಾರೆ" ಅನ್ನುವ ಅನುಮಾನವನ್ನು ಬದಿಗಿಡಬಹುದು. ಎರಡನೇ ಭಾಷೆ ಕಲಿತವರು ತಮ್ಮ ಬಾಲ್ಯದ ಅಂಕದಿಂದ ಅಂದಾಜು ಮಾಡಬಹುದಾದ್ದಕ್ಕಿಂತ ಮೇಲಿದ್ದರು. ದೊಡ್ಡವರಾದ ಮೇಲೆ ಕಲಿತವರಲ್ಲೂ ಇದು ಕಂಡಿತು. ಇನ್ನೊಂದು ಮತ್ತೆ ಹೈದರಾಬಾದಿನದು, 2016ರದ್ದು. ಸ್ಟ್ರೋಕ್ ಆದ 608 ಜನರಲ್ಲಿ, ಆಮೇಲೆ ಯೋಚನಾಶಕ್ತಿ ಮಾಮೂಲಾಗಿ ಉಳಿದವರು ಒಂದೇ ಭಾಷೆಯವರಲ್ಲಿ 19.6 ಶೇಕಡಾ, ಎರಡು ಭಾಷೆಯವರಲ್ಲಿ 40.5 ಶೇಕಡಾ. ಸ್ಟ್ರೋಕ್ ಯಾವ ದಿನ ಹೊಡೆಯಿತು ಅನ್ನುವುದರಲ್ಲಿ ಅನುಮಾನವೇ ಇರುವುದಿಲ್ಲ. ಹಾಗಾಗಿ "ಯಾವಾಗ ಶುರುವಾಯಿತು" ಅನ್ನುವ ತೂತು ಇಲ್ಲಿ ಇಲ್ಲ.

ಭಾಷೆ ಹೇಗೆ ಈ ಕೆಲಸ ಮಾಡಬಹುದು? ನಾವು ಕನ್ನಡ ಮಾತಾಡುವಾಗ ತಲೆಯೊಳಗಿನ ತೆಲುಗು ಮಲಗಿರುತ್ತದೆ ಅಂದುಕೊಳ್ಳುತ್ತೇವೆ. ಅದು ಮಲಗುವುದೇ ಇಲ್ಲ. 1999ರಲ್ಲಿ ಅಮೆರಿಕದಲ್ಲಿ ಒಂದು ಚಂದದ ಪ್ರಯೋಗ ಪ್ರಕಟವಾಯಿತು. ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮುಂದೆ ಕೆಲವು ವಸ್ತುಗಳನ್ನಿಟ್ಟು, ಅವರ ಕಣ್ಣು ಎಲ್ಲಿ ಓಡುತ್ತದೆ ಅಂತ ಯಂತ್ರದಿಂದ ಗಮನಿಸಿದರು. ರಷ್ಯನ್‌ನಲ್ಲಿ ಅಂಚೆಚೀಟಿಗೆ "ಮಾರ್ಕಾ" ಅನ್ನುತ್ತಾರೆ. "ಅಂಚೆಚೀಟಿ ಎತ್ತಿಡು" ಅಂತ ರಷ್ಯನ್‌ನಲ್ಲಿ ಹೇಳಿದರೆ, ಅವರ ಕಣ್ಣು ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆಗೂ ಒಮ್ಮೆ ಹಾಯುತ್ತಿತ್ತು. ಆ ಹೊತ್ತಿನಲ್ಲಿ ಇಂಗ್ಲಿಷಿನ ಅಗತ್ಯವೇ ಇರಲಿಲ್ಲ. ಆದರೂ ಅದು ಒಳಗೆ ಎದ್ದು ಕೂತಿತ್ತು.

ಅಂದರೆ ಎರಡು ಭಾಷೆ ಬಲ್ಲವರು ಬಾಯಿ ತೆರೆದಾಗಲೆಲ್ಲ ಮಿದುಳು ಒಂದನ್ನು ಮುಂದಕ್ಕೆ ಬಿಟ್ಟು ಇನ್ನೊಂದನ್ನು ಹಿಡಿದಿಟ್ಟುಕೊಳ್ಳಬೇಕು. ಇದನ್ನು ಮಾಡುವುದು ಹಣೆಯ ಹಿಂದಿನ ಭಾಗ ಮತ್ತು ಮಿದುಳಿನ ಒಳಗಿನ ಕೆಲವು ನರಕೋಶಗಳ ಗುಂಪುಗಳು. ಗಮನ ಕೊಡುವುದು, ಬೇಡದ್ದನ್ನು ಬದಿಗೊತ್ತುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು ಎಲ್ಲಕ್ಕೂ ಅವೇ ಬೇಕು. ಮಂಡಿಯಲ್ಲಿ ನಿಂತವರ ದಿನ ಹೇಗಿರುತ್ತದೆ ಅಂತ ಯೋಚಿಸಿ. ರೈತನ ಜೊತೆ ತೆಲುಗು, ಗುಮಾಸ್ತನ ಜೊತೆ ಕನ್ನಡ, ಚೆನ್ನೈ ವ್ಯಾಪಾರಿಯ ಜೊತೆ ತಮಿಳು, ಲಾರಿಯವರ ಜೊತೆ ಹಿಂದಿ. ಜೊತೆಗೆ ಕ್ರೇಟಿನ ಲೆಕ್ಕ, ಕಮಿಷನ್ ಲೆಕ್ಕ, ಯಾರಿಗೆ ಎಷ್ಟು ಬಾಕಿ ಅನ್ನುವ ನೆನಪು. ನನ್ನನ್ನು ಕೇಳಿದರೆ ಇಂಥವರಲ್ಲಿ ಭಾಷೆಯ ಪಾಲು ಎಷ್ಟು, ವ್ಯಾಪಾರದ ಪಾಲು ಎಷ್ಟು ಅಂತ ಬೇರೆ ಮಾಡುವುದೇ ಆಗದ ಮಾತು. ಒಟ್ಟಿನಲ್ಲಿ ವರ್ಷಾನುಗಟ್ಟಲೆ ದುಡಿದ ಮಿದುಳು ಒಂದಷ್ಟು ಹೆಚ್ಚುವರಿ ಶಕ್ತಿ ಕೂಡಿಟ್ಟುಕೊಂಡಿರುತ್ತದೆ.

ಈ ಹೆಚ್ಚುವರಿ ಶಕ್ತಿಯ ಸುಳಿವು ಮೊದಲು ಸಿಕ್ಕಿದ್ದು ಶವಪರೀಕ್ಷೆಯಲ್ಲಿ. 1988ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಎಂಬ ಅಮೆರಿಕದ ನರತಜ್ಞರ ತಂಡ ವೃದ್ಧಾಶ್ರಮದಲ್ಲಿ ತೀರಿಕೊಂಡ 137 ಜನರ ಮಿದುಳು ನೋಡಿತು. ಕೆಲವರ ಮಿದುಳಿನಲ್ಲಿ ಅಲ್ಜೈಮರ್‌ನ ಗುರುತುಗಳು ತುಂಬಿದ್ದವು. ಆದರೆ ಬದುಕಿದ್ದಾಗ ಅವರು ಚುರುಕಾಗಿಯೇ ಇದ್ದರು! ಅವರ ಮಿದುಳಿನ ತೂಕ ಹೆಚ್ಚಿತ್ತು, ನರಕೋಶಗಳೂ ಹೆಚ್ಚಿದ್ದವು. ಮಿದುಳಿನೊಳಗಿನ ಕಾಯಿಲೆಗೂ ಹೊರಗೆ ಕಾಣುವ ಮರೆವಿಗೂ ಒಂದಕ್ಕೊಂದು ತಾಳೆ ಆಗಲೇಬೇಕು ಅಂತಿಲ್ಲ ಅನ್ನುವುದು ಆಗ ಗೊತ್ತಾಯಿತು.

ನಿಮ್ಮ ಮನೆಯವರು ಕೇಳಿಸಿಕೊಳ್ಳದ ಅರ್ಧ ಇಲ್ಲಿದೆ. ಮಿದುಳಿನ ಹೆಚ್ಚುವರಿ ಶಕ್ತಿ ಆಳದ ಬೋರ್‌ವೆಲ್ ಇದ್ದ ಹಾಗೆ. ಕೋಲಾರದವರಿಗೆ ಅದರ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅಂತರ್ಜಲ ಇಳಿಯುವಾಗ ಎಲ್ಲರ ಹೊಲದಲ್ಲೂ ಒಂದೇ ಸಮ ಇಳಿಯುತ್ತದೆ. ಇನ್ನೂರು ಅಡಿಯ ಬೋರು ಬೇಗ ಬತ್ತುತ್ತದೆ, ಸಾವಿರ ಅಡಿಯದು ಎಷ್ಟೋ ವರ್ಷ ನೀರು ಕೊಡುತ್ತದೆ. ಆದರೆ ಆ ಸಾವಿರ ಅಡಿಯ ಬೋರು ಕೂಡ ಗಾಳಿ ಉಗುಳಲು ಶುರು ಮಾಡಿತು ಅಂದರೆ ನೀರು ಎಷ್ಟು ಕೆಳಗೆ ಹೋಗಿರಬೇಕು?

2012ರಲ್ಲಿ ಟೊರಾಂಟೊದಲ್ಲಿ ಇದನ್ನೇ ಸ್ಕ್ಯಾನ್ ಮಾಡಿ ನೋಡಿದರು. ಅಲ್ಜೈಮರ್ ಇರುವ 40 ಜನ. ಅರ್ಧ ಒಂದು ಭಾಷೆಯವರು, ಅರ್ಧ ಎರಡು ಭಾಷೆಯವರು. ಎರಡೂ ಗುಂಪಿನ ಓದು ಮತ್ತು ನೆನಪಿನ ಮಟ್ಟ ಒಂದೇ ಇರುವ ಹಾಗೆ ಆರಿಸಿದ್ದರು. ಸಿಟಿ ಸ್ಕ್ಯಾನಿನಲ್ಲಿ ಎರಡು ಭಾಷೆಯವರ ಮಿದುಳು ಹೆಚ್ಚು ಸವೆದಿತ್ತು. ಹೊರಗೆ ಒಂದೇ ಥರ ಕಂಡರೂ ಒಳಗೆ ಅವರ ಕಾಯಿಲೆ ಮುಂದೆ ಹೋಗಿತ್ತು. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ಹೆಚ್ಚು ಓದಿದವರ ವಿಷಯದಲ್ಲೂ ಇಂಥದ್ದೇ ಕಂಡಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿರಿಯರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಓದು ಹೆಚ್ಚಿದ್ದವರಲ್ಲಿ ನೆನಪಿನ ಕುಸಿತ ತಡವಾಗಿ ಶುರುವಾಯಿತು, ಆದರೆ ಶುರುವಾದ ಮೇಲೆ ಬೇಗ ಬೇಗ ಇಳಿಯಿತು.

ಹಾಗಾಗಿ ನಿಮ್ಮ ಮಾವನವರ ತಡವರಿಕೆ ಬೇರೆಯವರ ತಡವರಿಕೆಗಿಂತ ಸಣ್ಣದು ಅಂತ ಭಾವಿಸಬೇಡಿ. ಬಾಯಿಲೆಕ್ಕದಲ್ಲಿ ಪಳಗಿದವರು ಅಂಗಡಿ ಚಿಲ್ಲರೆಗೆ ತಡವರಿಸುತ್ತಾರೆ ಅನ್ನುವುದು ಅವರ ಮಟ್ಟಕ್ಕೆ ದೊಡ್ಡ ಇಳಿತ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸಿನದು. ಕೇಳಿದ ಪ್ರಶ್ನೆಯನ್ನೇ ಗಂಟೆಯೊಳಗೆ ಮತ್ತೆ ಕೇಳುವುದು, ಕೇಳಿದ್ದೇ ನೆನಪಿಲ್ಲದಿರುವುದು ಆ ಸಾಲಿಗೆ ಸೇರುವುದಿಲ್ಲ. ನಮ್ಮಲ್ಲಿ "ಅರಳು ಮರಳು" ಅಂತ ಸುಮ್ಮನಾಗುವ ಮನೆಗಳೇ ಹೆಚ್ಚು. 2023ರಲ್ಲಿ ಬಂದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ.

ಇಷ್ಟು ಹೇಳಿದ್ದಕ್ಕೆ ಹೆದರಬೇಡಿ. ಬೇಗ ತೋರಿಸಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಒಳ್ಳೆಯ ಕಾರಣ. ಮರೆವೆಲ್ಲ ಅಲ್ಜೈಮರ್ ಅಲ್ಲ. ಬಿ12 ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ಶುಗರ್ ಮಾತ್ರೆ ಜಾಸ್ತಿಯಾಗಿ ಸಕ್ಕರೆ ಕೆಳಗಿಳಿಯುತ್ತಿದ್ದರೆ ಹೀಗಾಗಬಹುದು. ನಿದ್ದೆ ಮಾತ್ರೆ, ಕೆಲವು ನೆಗಡಿ ಅಲರ್ಜಿ ಮಾತ್ರೆ, ಮೂತ್ರಕ್ಕೆ ಕೊಡುವ ಕೆಲವು ಔಷಧಿ ಕೂಡ ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಎಲ್ಲೋ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ನಂತರ ಒಳಗೆ ರಕ್ತ ನಿಂತಿರುವುದೂ ಉಂಟು. ಇನ್ನು ಖಿನ್ನತೆ. ಜೀವನವಿಡೀ ಮಂಡಿಯ ಗಲಾಟೆಯಲ್ಲಿದ್ದವರು ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಯೊಳಗೆ ಕೂತರೆ ಮನಸ್ಸು ಕುಗ್ಗುವುದು ಸಹಜ. ಹಿರಿಯರಲ್ಲಿ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಮರೆವಾಗಿ, ಮೌನವಾಗಿ ಬರುವುದು ಹೆಚ್ಚು. ಇವಕ್ಕೆಲ್ಲ ಚಿಕಿತ್ಸೆ ಇದೆ. ಕೆಲವು ರಕ್ತಪರೀಕ್ಷೆ, ಒಂದು ಸ್ಕ್ಯಾನ್, ಒಂದು ಗಂಟೆಯ ಮಾತುಕತೆಯಲ್ಲಿ ಬಹಳಷ್ಟು ಗೊತ್ತಾಗುತ್ತದೆ.

ಕಿವಿಯನ್ನೂ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದೆ ಮತ್ತೆ ಮತ್ತೆ ಕೇಳುವವರನ್ನು ಮರೆತರು ಅಂತ ತಿಳಿಯುವುದು ತುಂಬಾ ಸಾಮಾನ್ಯ. ಕಿವುಡುತನ ತಾನೇ ಡಿಮೆನ್ಷಿಯಾದ ಅಪಾಯ ಹೆಚ್ಚಿಸುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ನಾವು ಏನಾದರೂ ಮಾಡಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಮಾಡಿಕೊಂಡರೆ ಜಗತ್ತಿನ ಸುಮಾರು 45 ಶೇಕಡಾ ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಕುಡಿತ, ಕಿವಿ, ಕಣ್ಣು, ಒಂಟಿತನ ಎಲ್ಲ ಅದರಲ್ಲಿವೆ. ಬಾಲ್ಯದ ಓದೂ ಇದೆ. ಎರಡು ಭಾಷೆ ಅನ್ನುವುದು ಇಲ್ಲ. ಭಾಷೆಯ ಬಗ್ಗೆ ಇಷ್ಟು ಆಸೆಯಿಂದ ಮಾತಾಡುವವರು ಬಿಪಿ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಿರುತ್ತಾರೆ ಅನ್ನುವುದು ನನ್ನ ಹಳೆಯ ದೂರು.

ಈಗ ಅವರು ತೆಲುಗಿನಲ್ಲಿ ಉತ್ತರ ಕೊಡುವ ವಿಷಯ. ಮೊದಲು ಒಂದು ಎಚ್ಚರಿಕೆ. ಈ ಬದಲಾವಣೆ ನಿಧಾನವಾಗಿ ಬಂದಿದ್ದರೆ ಮುಂದೆ ಓದಿ. ಒಂದೆರಡು ದಿನದಲ್ಲಿ ದಿಢೀರ್ ಅಂತ ಮಾತು ಬದಲಾದರೆ, ತೊದಲಿದರೆ, ಗೊಂದಲವಾದರೆ ಅದು ಸ್ಟ್ರೋಕ್ ಇರಬಹುದು, ಸೋಂಕು ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಆಗ ತಡಮಾಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಿಧಾನವಾಗಿ ಬಂದಿದ್ದರೆ, ಇದು ಹಟವಲ್ಲ, ಸೊಸೆಯ ಮೇಲಿನ ಅಸಡ್ಡೆಯೂ ಅಲ್ಲ. ಎದುರಿಗಿರುವವರಿಗೆ ಯಾವ ಭಾಷೆ ಬರುತ್ತದೆ ಅಂತ ನೆನಪಿಟ್ಟು, ಅದನ್ನು ಮುಂದಕ್ಕೆ ಬಿಟ್ಟು, ಬಾಯಿತುದಿಗೆ ಬರುವ ಇನ್ನೊಂದನ್ನು ತಡೆಯುವುದು ಕಷ್ಟದ ಕೆಲಸ ಅಂತ ಆಗಲೇ ಹೇಳಿದೆ. ತಡೆಯುವ ಶಕ್ತಿ ಕುಂದಿದಾಗ, ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ಭಾಷೆ ನುಗ್ಗಿಬರುತ್ತದೆ. ಸಾಮಾನ್ಯವಾಗಿ ಅದು ಬಾಲ್ಯದ ಮನೆಮಾತು. ಹಾಗಂತ ಕನ್ನಡ ಅಳಿಸಿಹೋಗಿದೆ ಅಂದುಕೊಳ್ಳಬೇಡಿ. ಸ್ಪೇನಿನಲ್ಲಿ ಕ್ಯಾಟಲಾನ್ ಮತ್ತು ಸ್ಪ್ಯಾನಿಷ್ ಎರಡನ್ನೂ ಚಿಕ್ಕಂದಿನಿಂದ ಬಳಸಿದ ಅಲ್ಜೈಮರ್ ರೋಗಿಗಳನ್ನು ನೋಡಿದಾಗ, ಪದಗಳು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಜೊತೆಜೊತೆಗೇ ಕಡಿಮೆಯಾಗುತ್ತಿದ್ದವು. ಅರವತ್ತು ವರ್ಷ ಬಳಸಿದ ಭಾಷೆ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. "ಕನ್ನಡದಲ್ಲಿ ಹೇಳಿ ಮಾವ" ಅಂತ ಪದೇ ಪದೇ ತಿದ್ದಬೇಡಿ. ನೀವು ಕನ್ನಡದಲ್ಲೇ ನಿಧಾನವಾಗಿ, ಮುಖ ನೋಡಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಅವರು ತೆಲುಗಿನಲ್ಲಿ ಹೇಳಲಿ. ನಮ್ಮ ಗಡಿ ಜಿಲ್ಲೆಗಳಲ್ಲಿ ಎಷ್ಟು ಸಂಸಾರ ಹೀಗೇ ನಡೆದಿಲ್ಲ?

ಪರೀಕ್ಷೆಯ ಹೊತ್ತಿಗೆ ಮಾತ್ರ ಇದು ಬಹಳ ಮುಖ್ಯ. ನೆನಪಿನ ಪರೀಕ್ಷೆಗಳಲ್ಲಿ ಪದಪಟ್ಟಿ ಕಲಿಯುವುದು, ಪ್ರಾಣಿಗಳ ಹೆಸರು ಪಟಪಟ ಹೇಳುವುದು, ಚಿತ್ರ ಗುರುತಿಸುವುದು ಇರುತ್ತವೆ. ತೆಲುಗು ಮನೆಮಾತಿನವರಿಗೆ ಇಂಗ್ಲಿಷ್ ಮೂಲದ ಪರೀಕ್ಷೆಯನ್ನು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ಅಂಕ ಕಡಿಮೆಯೇ ಬರುತ್ತದೆ. ಅದು ಕಾಯಿಲೆಯೋ ಭಾಷೆಯೋ ಅಂತ ಗೊತ್ತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂ ಸೇರಿ ಹಲವು ಭಾಷೆಗಳಲ್ಲಿ ಇವೆ. ಓದು ಕಡಿಮೆ ಇರುವವರಿಗಾಗಿ ಹೊಂದಿಸಿದ ಪರೀಕ್ಷೆಗಳೂ ಇವೆ. ಹೋದ ಕೂಡಲೇ ಹೇಳಿ: ಮನೆಮಾತು ತೆಲುಗು, ಓದು ಬರಹ ಕನ್ನಡ, ಏಳನೇ ಕ್ಲಾಸು, ಕೆಲಸ ಮಂಡಿ. ಮಾತಿನ ಪರೀಕ್ಷೆ ತೆಲುಗಿನಲ್ಲಿ ಆಗಬಹುದಾ ಅಂತ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಮೊದಲ ಸಲ ಯಾವ ಭಾಷೆಯಲ್ಲಿ ಪರೀಕ್ಷೆ ಆಯಿತೋ ಮುಂದಿನ ವರ್ಷವೂ ಅದೇ ಭಾಷೆಯಲ್ಲಿ ಆಗಬೇಕು. ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಬೆಂಗಳೂರಿನಲ್ಲಿರುವ ನಿಮಗೆ ನಿಮ್ಹಾನ್ಸ್ ಹತ್ತಿರ. ಊರಿನಲ್ಲಿರುವವರು ಜಿಲ್ಲಾ ಆಸ್ಪತ್ರೆಯ ಬ್ರೈನ್ ಹೆಲ್ತ್ ಕ್ಲಿನಿಕ್ ವಿಚಾರಿಸಬಹುದು. ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಅದನ್ನು ನಡೆಸುತ್ತಿದೆ.

ಅಂದಹಾಗೆ, ಮಾವನವರ ಜಿಲ್ಲೆಯಲ್ಲೇ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದ್ದಾರೆ. ಆರೋಗ್ಯವಾಗಿರುವವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನದ ಬಗ್ಗೆ ಹೇಳಿದೆನಲ್ಲ, ಇದು ಆ ಥರದ್ದೇ. ಕನ್ನಡ ತೆಲುಗು ಎರಡೂ ಆಡುವ ಸೀಮೆಯಲ್ಲಿ. ಮ್ಯಾನ್‌ಹಟನ್ ಹೇಳಿದ್ದು ಸರಿಯೋ ಹೈದರಾಬಾದ್ ಹೇಳಿದ್ದು ಸರಿಯೋ ಅನ್ನುವುದಕ್ಕೆ ಇಂಥ ಕಡೆಯಿಂದ ಉತ್ತರ ಬಂದರೆ ನಾನು ಹೆಚ್ಚು ನಂಬುತ್ತೇನೆ.

ಆ್ಯಪ್ ಬೇಡ. ಆರೋಗ್ಯವಾಗಿರುವವರು ಭಾಷೆ ಕಲಿತರೆ ಗಮನ ಚುರುಕಾಗಬಹುದು ಅನ್ನುವುದಕ್ಕೆ ಸಣ್ಣಪುಟ್ಟ ಪುರಾವೆ ಇದೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಒಂದು ವಾರ ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್ ಕಲಿತ, 18ರಿಂದ 78 ವರ್ಷದವರೆಗಿನ 33 ಜನರಲ್ಲಿ, ವಯಸ್ಸು ಎಷ್ಟೇ ಇರಲಿ, ಗಮನ ಹೊರಳಿಸುವ ಪರೀಕ್ಷೆಯ ಅಂಕ ಏರಿತ್ತು. ಅದು ಗಮನದ ಅಂಕ, ಡಿಮೆನ್ಷಿಯಾ ತಡೆದದ್ದಲ್ಲ. ಈಗಾಗಲೇ ಪದಗಳಿಗೆ ತಡಕಾಡುವವರ ಕೈಗೆ ಮೊಬೈಲ್ ಕೊಟ್ಟು ಹೊಸ ಭಾಷೆ ಕಲಿಯಿರಿ ಅಂದರೆ ಸೋಲೇ ಜಾಸ್ತಿ ಸಿಗುತ್ತದೆ. ಅದರ ಬದಲು ಬಂದ ಭಾಷೆಗಳನ್ನು ಬಳಸುವ ದಾರಿ ಹುಡುಕಿ. ಹಳೆಯ ಮಂಡಿ ಗೆಳೆಯರಿಗೆ ದಿನಾ ಒಂದು ಫೋನ್ ಮಾಡಿಸಿ. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಜೊತೆಗೆ ಯಾರಾದರೂ ಇರಲಿ. ತರಕಾರಿ ಗಾಡಿಯವರ ಹತ್ತಿರ ಅವರೇ ಚೌಕಾಸಿ ಮಾಡಲಿ, ನೀವು ಪಕ್ಕದಲ್ಲಿ ನಿಂತಿರಿ. ದೊಡ್ಡ ಮೊತ್ತದ ವ್ಯವಹಾರ, ಬ್ಯಾಂಕಿನ ಒಟಿಪಿ ಮಾತ್ರ ಅವರೊಬ್ಬರ ಕೈಯಲ್ಲಿ ಬಿಡಬೇಡಿ.

ಮಗಳ ವಿಷಯದಲ್ಲಿ ಚಿಂತೆಯೇ ಬೇಡ. ಮಕ್ಕಳಿಗೆ ಎರಡು ಮೂರು ಭಾಷೆಯಿಂದ ಗೊಂದಲ ಆಗುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಗೊಂದಲವಲ್ಲ, ನಾವೆಲ್ಲ ಮಾಡುವುದು ಅದನ್ನೇ. ಒಂದೊಂದೇ ಭಾಷೆಯಲ್ಲಿ ಎಣಿಸಿದರೆ ಪದಗಳು ಸ್ವಲ್ಪ ಕಡಿಮೆ ಕಾಣಬಹುದು, ಎಲ್ಲ ಸೇರಿಸಿ ಎಣಿಸಿದರೆ ಸರಿಹೋಗುತ್ತದೆ. ಅದೇ ಹೊತ್ತಿಗೆ, ಜಾಸ್ತಿ ಭಾಷೆ ಕಲಿತರೆ ಮಗು ಹೆಚ್ಚು ಬುದ್ಧಿವಂತ ಆಗುತ್ತದೆ ಅನ್ನುವ ಜಾಹೀರಾತನ್ನೂ ನಂಬಬೇಡಿ. 2019ರಲ್ಲಿ ಅಮೆರಿಕದ 9, 10 ವರ್ಷದ 4,500ಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಅಧ್ಯಯನದಲ್ಲಿ ಎರಡು ಭಾಷೆಯ ಮಕ್ಕಳಿಗೆ ಗಮನದ ಪರೀಕ್ಷೆಗಳಲ್ಲಿ ವಿಶೇಷ ಮೇಲುಗೈ ಸಿಗಲಿಲ್ಲ. ದುಡ್ಡು ಕೊಟ್ಟು ಕ್ಲಾಸಿಗೆ ಹಾಕುವ ಅಗತ್ಯವಿಲ್ಲ. ತೆಲುಗು ಕಲಿಸುವವರು ಮನೆಯಲ್ಲೇ ಇದ್ದಾರೆ. ದಿನಾ ಸಂಜೆ ತಾತನ ಹತ್ತಿರ ಬಿಡಿ. ಒಂದೇ ಕಥೆಯನ್ನು ನಾಲ್ಕು ಸಲ ಕೇಳಲು ಬೇಸರಪಡದ ಕೇಳುಗರು ನಾಲ್ಕು ವರ್ಷದವರೇ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ನೀವು ಸ್ವಲ್ಪ ತೆಲುಗು ಕಲಿಯಿರಿ. ನಿಮ್ಮ ಮಿದುಳಿನ ಲಾಭಕ್ಕಲ್ಲ. ಇದು ಡಿಮೆನ್ಷಿಯಾವೇ ಆಗಿದ್ದರೆ, ಮುಂದೆ ಅವರು ಇನ್ನಷ್ಟು ಆ ಕಡೆ ವಾಲಬಹುದು. ಆಗ ನೋವು, ಹಸಿವು, ಬಚ್ಚಲಿಗೆ ಹೋಗಬೇಕು ಅನ್ನುವುದನ್ನು ಅವರು ಹೇಳಿದಾಗ ಮನೆಯಲ್ಲಿರುವವರಿಗೆ ಅರ್ಥವಾಗಬೇಕು. ಹೇಳಲಾಗದ ನೋವು ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತದೆ. ವ್ಯಾಕರಣ ಬೇಡ. "ಎಕ್ಕಡ ನೊಪ್ಪಿ?" (ಎಲ್ಲಿ ನೋವು?), "ಆಕಲಿಗಾ ಉಂದಾ?" (ಹಸಿವಾಗಿದೆಯಾ?), "ನೀಳ್ಳು ಕಾವಾಲಾ?" (ನೀರು ಬೇಕಾ?) ಇಂಥ ಮೂವತ್ತು ನಲವತ್ತು ಮಾತು ಸಾಕು. ನಿಮ್ಮ ಮನೆಯವರ ಹತ್ತಿರ ಬರೆಸಿಕೊಳ್ಳಿ. ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅಪ್ಪ ಮೊದಲು ಹೇಗಿದ್ದರು ಅಂತ ಡಾಕ್ಟರು ಕೇಳುತ್ತಾರೆ, ಅದನ್ನು ಹೇಳಬಲ್ಲವರು ಅವರೇ.